ಗೌರಿ ಅಂಜಿದಳೆಂದು ನಾನು ಹೇಳಿದ ಬೇಸಿಗೆ

ಹೋದ ತಿಂಗಳು ಕಣ್ಣು ತೋರಿಸಿಕೊಳ್ಳಲು ಬಿಜಾಪುರಕ್ಕೆ ಹೋಗಿದ್ದೆ. ಮೊಮ್ಮಗ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಿದ್ದಾಗ ನಾನು ಒಂದು ಅಂಗಡಿಯ ನೆರಳಿನಲ್ಲಿ ನಿಂತಿದ್ದೆ. ಒಳಗಿನಿಂದ ಬಿಸಿ ಕುಸುಬಿ ಹಿಂಡಿಯ ವಾಸನೆ ಬಂತು. ಕಾಲುಗಳು ತಾವಾಗಿಯೇ ಒಳಗೆ ನಡೆದವು. ಕಟ್ಟಿಗೆಯ ಗಾಣವೇ, ಆದರೆ ಎತ್ತಿಲ್ಲ. ಕೆಳಗೆಲ್ಲೋ ಮೋಟಾರು ಗುಂಯ್‌ಗುಡುತ್ತಿತ್ತು. ಯಾರನ್ನೂ ಕೇಳದೆ ಒರಳಿನ ಮೈಮೇಲೆ ಅಂಗೈ ಇಟ್ಟೆ. ಅಂಗಡಿಯವನು, ‘ಅಜ್ಜಾರ, ಕೈ ತಗೀರಿ, ಸಿಕ್ಕೊಂಡೀತು’ ಎಂದ. ತೆಗೆದೆ. ಅಷ್ಟರಲ್ಲಿ ನನಗೆ ಗೊತ್ತಾಗಿತ್ತು, ಆ ಹಿಂಡಿಯಲ್ಲಿ ಇನ್ನೂ ಎಣ್ಣೆ ಉಳಿದಿತ್ತು. ಅಂಗೈಯಿಂದ ಇದನ್ನು ತಿಳಿಯುವುದನ್ನು ನನಗೆ ಕಲಿಸಿದವಳು ನನ್ನ ತಂಗಿ ಗೌರಿ. ಅವಳು ಹುಟ್ಟಿನಿಂದಲೇ ಕಿವುಡಿ.

ಮನೆಗೆ ಬಂದಾಗ ಮಿರಜದಿಂದ ಒಂದು ಕಾಗದ ಬಂದಿತ್ತು. ಗೌರಿ ಕಲಿತು ಕಲಿಸಿದ ಶಾಲೆಯ ಹಳೆಯ ವಿದ್ಯಾರ್ಥಿಗಳು ಅವಳ ಬಗ್ಗೆ ಒಂದು ಪುಸ್ತಕ ತರುತ್ತಾರಂತೆ. ಅಣ್ಣನಾದ ನಾನು ನಾಲ್ಕು ಮಾತು ಬರೆಯಬೇಕಂತೆ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ಮರಾಠಿಗೆ ತಾವೇ ಮಾಡಿಕೊಳ್ಳುತ್ತೇವೆ ಎಂದು ಬರೆದಿದ್ದರು. ಕೊನೆಗೆ ಒಂದು ಸಾಲು ಇತ್ತು: ಮೇಡಂ ಮೊದಲು ಮನೆ ಬಿಟ್ಟು ಬರಲು ಅಂಜಿದ್ದು, ಆಮೇಲೆ ಧೈರ್ಯ ಮಾಡಿದ್ದು, ಆ ಪ್ರಸಂಗವನ್ನು ತಪ್ಪದೆ ಬರೆಯಿರಿ, ಮಕ್ಕಳಿಗೆ ಉಪಯೋಗವಾಗುತ್ತದೆ.

ಆ ಸಾಲು ಓದಿ ನನಗೆ ಎರಡು ದಿನ ಊಟ ಸೇರಲಿಲ್ಲ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು, ಬರವಣಿಗೆ ರೂಢಿಯಿಲ್ಲ. ಆದರೂ ಕೂತಿದ್ದೇನೆ. ಆ ಪ್ರಸಂಗ ಅವರು ತಿಳಿದ ಹಾಗೆ ನಡೆಯಲಿಲ್ಲ.

ನಮ್ಮದು ಉಮದಿ, ಮಹಾರಾಷ್ಟ್ರದ ಗಡಿಯೊಳಗಿನ ಕನ್ನಡದ ಊರು. ನಾನು ಹೇಳುವ ಬೇಸಿಗೆಯ ಹೊತ್ತಿಗೆ ಜತ್ತ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ಐದಾರು ವರ್ಷವಾಗಿತ್ತು. ಅಪ್ಪ ತೀರಿಕೊಂಡು ಬಹಳ ದಿನವಾಗಿತ್ತು. ಮನೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ನಮ್ಮ ಅವ್ವ, ನಾನು, ಗೌರಿ. ಹಿತ್ತಲಿನಲ್ಲಿ ಗಾಣ. ಯಜಮಾನಿಕೆ ಎಲ್ಲ ಆಯಿಯದು. ಅವಳಿಗೆ ಬಾಯಲ್ಲಿ ಹಲ್ಲಿರಲಿಲ್ಲ, ಅವಳ ಮಾತಿಗೆ ಎದುರು ಮಾತೂ ಇರಲಿಲ್ಲ.

ಗೌರಿ ಸಣ್ಣವಳಿದ್ದಾಗ ಬಂಡಿಯ ದಾರಿಯಲ್ಲಿ ಕೂತು ಮಣ್ಣಾಡುತ್ತಿದ್ದಳು. ಹಿಂದಿನಿಂದ ಬಂಡಿ ಬಂದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಅವಳನ್ನು ಕಾಯಲೆಂದು, ಗಾಣಕ್ಕೂ ಒಬ್ಬರು ಬೇಕೆಂದು ನನ್ನನ್ನು ಶಾಲೆ ಬಿಡಿಸಿದರು. ದಿನವೂ ಜೊತೆಗಿದ್ದು ನಮ್ಮಿಬ್ಬರದೇ ಒಂದು ಕೈಮಾತು ಬೆಳೆಯಿತು. ಕೆನ್ನೆ ಒಳಗೆಳೆದುಕೊಂಡರೆ ಆಯಿ. ಸೊಂಟಕ್ಕೆ ಕೈ ಕೊಟ್ಟರೆ ಅವ್ವ. ಕಿವಿ ತಿರುವಿದರೆ ನಾನು. ಮಾಸ್ತರರು ನನ್ನ ಕಿವಿ ಹಿಂಡುವುದನ್ನು ಅವಳು ಶಾಲೆಯ ಕಿಟಕಿಯಿಂದ ನೋಡಿದ್ದಳು. ಮನೆಯ ಉಳಿದವರಿಗೆ ನೀರು, ಊಟ, ಬಾ, ಹೋಗು ಇಷ್ಟೇ ತಿಳಿಯುತ್ತಿತ್ತು. ಗೌರಿಗೆ ಜ್ವರವೋ ಸಿಟ್ಟೋ, ಯಾರ ಮನೆಯಲ್ಲಿ ಏನು ಕಂಡಳೋ, ಎಲ್ಲವನ್ನೂ ನಾನೇ ಬಿಡಿಸಿ ಹೇಳಬೇಕು. ಓಣಿಯ ಹೆಂಗಸರು ‘ಮಲ್ಲಪ್ಪನ್ನ ಕರೀರಿ, ಗೌರಿ ಏನೋ ಅನ್ನಾಕತ್ತಾಳ’ ಎಂದು ನನ್ನನ್ನು ಕರೆಸುತ್ತಿದ್ದರು. ಮೂರನೇ ಇಯತ್ತೆಯವನಿಗೆ ಅದೇ ದೊಡ್ಡ ಸರ್ಟಿಫಿಕೇಟು.

ಅವಳಿಗೆ ಒಂಬತ್ತು ವರ್ಷವಾದಾಗ ಜತ್ತದಿಂದ ಬಂದಿದ್ದ ಒಬ್ಬ ಅಧಿಕಾರಿ ಅವಳನ್ನು ನೋಡಿ, ಮಿರಜದಲ್ಲಿ ಇಂಥ ಮಕ್ಕಳ ಶಾಲೆಯಿದೆ, ಅಲ್ಲಿ ಮಾತನ್ನೂ ಕಲಿಸುತ್ತಾರೆ ಎಂದರು. ಕಿವುಡರಿಗೆ ಮಾತೇ ಎಂದು ಊರೆಲ್ಲ ನಕ್ಕಿತು. ಆಯಿ ನಗಲಿಲ್ಲ. ಹೀಗೆ ಗೌರಿ ಮಿರಜಕ್ಕೆ ಹೋದಳು. ವರ್ಷಕ್ಕೊಮ್ಮೆ ಬೇಸಿಗೆಯ ಸೂಟಿಗೆ ಬರುವಳು. ನಾನು ಬಸ್ಸು ಹಿಡಿದು, ಜತ್ತ ರೋಡ ಸ್ಟೇಷನ್ನಿನಿಂದ ಸಣ್ಣ ರೈಲು ಹತ್ತಿ ಅವಳನ್ನು ಕರೆತರುತ್ತಿದ್ದೆ. ಅಲ್ಲಿ ಎಲ್ಲವೂ ಮರಾಠಿ. ತುಟಿ ನೋಡಿ ಮಾತು ತಿಳಿಯುವುದು, ಕಲಿಸುವವರ ಗಂಟಲಿನ ಮೇಲೆ ಅಂಗೈ ಇಟ್ಟು ದನಿ ಹೇಗೆ ನಡುಗುತ್ತದೆ ಎಂದು ನೋಡುವುದು, ಆಮೇಲೆ ಅದೇ ನಡುಕವನ್ನು ತನ್ನ ಗಂಟಲಿನಲ್ಲಿ ಹುಟ್ಟಿಸುವುದು. ಎಂಟು ವರ್ಷ ಅವಳು ಇದನ್ನೇ ಕಲಿತಳು. ಕೈ ಮಾಡಿದರೆ ಅಲ್ಲಿ ಬೈಗುಳ.

ಆ ಬೇಸಿಗೆ ಅವಳು ಬಂದಾಗ ಕೈಯಲ್ಲಿ ಏಳನೇ ಇಯತ್ತೆಯ ಫಾಯನಲ್ ಪರೀಕ್ಷೆ ಪಾಸಾದ ಕಾಗದವಿತ್ತು. ಕಿವಿ ಕೇಳುವ ಮಕ್ಕಳ ಜೊತೆ ಕೂತು ಬರೆದ ಪರೀಕ್ಷೆ ಅದು. ಜೊತೆಗೆ ಶಾಲೆಯವರು ಕೊಟ್ಟ ಬೆಳ್ಳಿಯ ಪದಕ. ನಮ್ಮೂರಿನಲ್ಲಿ ಆಗ ಫಾಯನಲ್ ಪಾಸಾದ ಗಂಡಸರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಅವ್ವ ಆ ಕಾಗದಕ್ಕೆ ಕಟ್ಟು ಹಾಕಿಸಿ ದೇವರ ಜಗಲಿಯ ಮೇಲೆ ಇಟ್ಟಳು. ಆಯಿ ಪದಕವನ್ನು ಒಸಡಿನಿಂದ ಕಚ್ಚಿ ನೋಡಿ, ಬೆಳ್ಳಿಯೇ ಎಂದಳು.

ಮೊದಲ ವಾರ ನಮ್ಮ ಮನೆ ಜಾತ್ರೆಯಾಯಿತು. ಬಂದವರೆಲ್ಲ ಗೌರಿಯ ಬೆನ್ನ ಹಿಂದೆ ನಿಂತು ಒದರಿ ಒದರಿ ನೋಡುವುದು, ತಿರುಗಿದಳೇನೋ ಎಂದು. ಮುಂದೆ ನಿಂತು ಮರಾಠಿಯಲ್ಲಿ ಪಿಸುಗುಟ್ಟಿದರೆ ಉತ್ತರ ಕೊಡುತ್ತಾಳೆ. ಹಿಂದೆ ನಿಂತು ಡೋಲು ಬಾರಿಸಿದರೂ ಇಲ್ಲ. ಇದರಲ್ಲೇನೋ ಮೋಸವಿದೆ ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು. ಅವಳ ದನಿ ಮಾತ್ರ ಬೇರೆ ತರಹ. ಮೂಗಿನಿಂದ ಬರುವ, ಏರಿಳಿತವಿಲ್ಲದ ದನಿ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಗೌರಿ ನಗುವನ್ನು ಕಂಡಳು. ಅಂದಿನಿಂದ ಹೊರಗಿನವರ ಮುಂದೆ ಬಾಯಿ ಬಿಡುವುದನ್ನು ನಿಲ್ಲಿಸಿ, ನನ್ನ ಜೊತೆ ಹಳೆಯ ಕೈಮಾತಿಗೆ ಬಂದಳು. ನನಗೆ ಒಳಗೊಳಗೇ ಖುಷಿಯಾಯಿತು. ಅದನ್ನೂ ಇಲ್ಲಿ ಬರೆಯಬೇಕು.

ಅದೇ ವಾರ ಸಂತೆಯಲ್ಲಿ ಒಂದು ತಮಾಷೆ ನಡೆಯಿತು. ನಾವು ಎಣ್ಣೆಯ ಡಬ್ಬಿಗಳನ್ನು ಇಟ್ಟುಕೊಂಡು ಕೂತಿದ್ದೆವು. ಸಾಂಗಲಿ ಕಡೆಯ ಇಬ್ಬರು ವ್ಯಾಪಾರಿಗಳು ಬಂದು, ಎಣ್ಣೆ ಮೂಸಿ, ಮುಖ ಸಿಂಡರಿಸಿ, ದರ ಇಳಿಸಿ ಕೇಳಿ, ನಾನು ಒಪ್ಪದಾಗ ದೂರ ಹೋಗಿ ಬೇವಿನ ಗಿಡದ ಕೆಳಗೆ ನಿಂತರು. ಸಂತೆಯ ಗದ್ದಲದಲ್ಲಿ ಅವರ ಮಾತು ಹತ್ತು ಹೆಜ್ಜೆ ಆಚೆ ಇದ್ದವನಿಗೂ ಕೇಳಿಸದು. ಗೌರಿ ಅವರ ತುಟಿಗಳನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಮೊಣಕೈ ಜಗ್ಗಿ ಕೈಮಾತಿನಲ್ಲಿ ಹೇಳಿದಳು: ಎಣ್ಣೆ ಬಂಗಾರದಂಥದು ಅನ್ನುತ್ತಾರೆ, ಕೇಳಿದಷ್ಟು ಕೊಟ್ಟು ಒಯ್ಯೋಣ ಅನ್ನುತ್ತಾರೆ, ಸುಮ್ಮನೆ ಕೂತಿರು. ನಾನು ಸುಮ್ಮನೆ ಕೂತೆ. ಅವರು ಬಂದರು, ಕೇಳಿದಷ್ಟು ಕೊಟ್ಟರು. ಹೋಗುವಾಗ ಒಬ್ಬ ತಿರುತಿರುಗಿ ನನ್ನನ್ನೇ ನೋಡಿದ. ನಾನೇನೋ ಮಾಟ ಬಲ್ಲವನೆಂದು ತಿಳಿದಿರಬೇಕು.

ಸುದ್ದಿ ಊರಿಗೆಲ್ಲ ಹಬ್ಬಿತು. ಮರಾಠಿ ಬಲ್ಲವರು ಗೌರಿ ಕಂಡರೆ ಬಾಯಿಗೆ ಹೆಗಲ ಮೇಲಿನ ವಲ್ಲಿ ಅಡ್ಡ ಹಿಡಿಯತೊಡಗಿದರು. ಕನ್ನಡದ ಹೆಂಗಸರಿಗೆ ಮಾತ್ರ ನಿಶ್ಚಿಂತೆ. ‘ನಮ್ಮ ಕನ್ನಡ ಆಕಿಗೆ ಎಲ್ಲಿ ತಿಳೀತೈತಿ ಬಿಡ’ ಎಂದು ಅವಳ ಎದುರಿಗೇ ಕೂತು ಊರ ಉಸಾಬರಿ ಎಲ್ಲ ಆಡುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಮನೆಯ ಕನ್ನಡ ಅವಳ ಕಣ್ಣಿಗೆ ಬೀಳುವುದಿಲ್ಲ, ಶಾಲೆಯ ಮರಾಠಿ ಮಾತ್ರ ಬೀಳುತ್ತದೆ ಎಂದು. ಗಾಣದ ಹತ್ತಿರ ಕೂತಾಗ ಅವಳು ನನ್ನ ಗಂಟಲ ಮೇಲೆ ಕೈ ಇಟ್ಟು ಎಣ್ಣಿ, ಹಿಂಡಿ, ಎತ್ತು, ಹಗ್ಗ ಎಂದು ಹೇಳಿಸಿಕೊಳ್ಳುತ್ತಿದ್ದಳು. ಹತ್ತಿಪ್ಪತ್ತು ಶಬ್ದ. ಅದನ್ನು ಆಟವೆಂದುಕೊಂಡಿದ್ದೆ.

ಕೆಲಸದಲ್ಲಿ ಅವಳ ಜೊತೆ ಬಲು ಸುಖ. ಎತ್ತು ಸುತ್ತುತ್ತಿರುವಾಗ ಅವಳು ಒರಳಿಗೆ ಅಂಗೈ ಇಟ್ಟು ಕಣ್ಣು ಮುಚ್ಚುವಳು. ಕಾಳು ಒಡೆಯುವಾಗ ಒಂದು ನಡುಕ, ಎಣ್ಣೆ ಬಿಡುವಾಗ ಇನ್ನೊಂದು, ಹಿಂಡಿ ಒಣಗಿ ಗಟ್ಟಿಯಾದಾಗ ಮತ್ತೊಂದು. ನಾನು ಕಣ್ಣಳತೆಯಲ್ಲಿ ನಿಲ್ಲಿಸುತ್ತಿದ್ದವನು. ಅವಳು ಕೈ ಎತ್ತಿದ ಮೇಲೆ ನಿಲ್ಲಿಸಿದರೆ ಎಣ್ಣೆ ಹೆಚ್ಚು ಬರುತ್ತಿತ್ತು. ಆ ವರ್ಷ ಕುಸುಬಿ ಚೆನ್ನಾಗಿ ಬೆಳೆದಿತ್ತು. ಬಿಸಿಲು ನೆತ್ತಿ ಸುಡುವಂತಿತ್ತು. ಅವ್ವ ಮಜ್ಜಿಗೆಯ ಗಡಿಗೆ ತಂದಿಡುವಳು, ನಾವು ಹುರಿದ ಶೇಂಗಾ ತಿನ್ನುತ್ತ ಜನರನ್ನು ಅಣಕಿಸುತ್ತ ನಗುತ್ತಿದ್ದೆವು. ಗೌರಿ ಅಣಕಿಸಿದರೆ ಮನುಷ್ಯ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದ. ಆ ಬೇಸಿಗೆ ಮುಗಿಯುವುದೇ ಬೇಡವೆಂದು ನನಗೆ ಅನ್ನಿಸುತ್ತಿತ್ತು.

ಮೇ ತಿಂಗಳ ನಡುವೆ ಮಾಲತಿ ಅಕ್ಕೋರು ಬಂದರು. ಗೌರಿಗೆ ಮಾತು ಕಲಿಸಿದವರು ಅವರೇ. ಮರಾಠಿಯವರು, ಕನ್ನಡದ ಒಂದು ಅಕ್ಷರವೂ ಬಾರದು. ಗಡಿಯ ಹಳ್ಳಿಗಳಲ್ಲಿ ಕಿವುಡು ಮಕ್ಕಳು ಎಲ್ಲೆಲ್ಲಿ ಇದ್ದಾರೆಂದು ನೋಡಿಕೊಂಡು ಹೋಗಲು ಬಂದಿದ್ದರು. ನಮ್ಮ ಮನೆಗೆ ಬರುವುದಕ್ಕೆ ಬೇರೆ ಕಾರಣವೂ ಇತ್ತು. ಕಟ್ಟೆಯ ಮೇಲೆ ಕೂತು, ಬೆಲ್ಲ ನೀರು ಕುಡಿದು, ನನ್ನ ಕಡೆ ತಿರುಗಿ ಹೇಳಿದರು. ಶಾಲೆಯಲ್ಲಿ ಸಣ್ಣ ಮಕ್ಕಳ ವರ್ಗಕ್ಕೆ ಒಬ್ಬ ಸಹಾಯಕಿ ಬೇಕಾಗಿದ್ದಾಳೆ. ಕಲಿತು ಹೊರಬಿದ್ದವರಲ್ಲೇ ಒಬ್ಬರನ್ನು ಇಟ್ಟುಕೊಳ್ಳಬೇಕೆಂದು ಮಾಡಿದ್ದೇವೆ. ಊಟ, ವಸತಿ, ಕೈಖರ್ಚಿಗೆ ವೇತನ. ಎರಡು ವರ್ಷ ಚೆನ್ನಾಗಿ ಮಾಡಿದರೆ ಮುಂಬೈಗೆ ಕಳಿಸಿ ಶಿಕ್ಷಕಿಯ ತರಬೇತಿ ಕೊಡಿಸುತ್ತೇವೆ. ಇಬ್ಬರು ಹುಡುಗಿಯರು ಇದ್ದಾರೆ, ನನ್ನ ಮನಸ್ಸು ಗೌರಿಯ ಮೇಲಿದೆ. ಸೂಟಿಗೆ ಮುಂಚೆಯೇ ಗೌರಿಯನ್ನು ಕೇಳಿದ್ದೇನೆ, ಅವಳು ಹೂಂ ಅಂದಿದ್ದಾಳೆ. ಮನೆಯ ಹಿರಿಯರು ಒಪ್ಪಿದರೆ ಸಾಕು. ಈ ವಾರದಲ್ಲೇ ಶಾಲೆಗೆ ಹೆಸರು ಬರೆದು ಕಳಿಸಬೇಕು.

ಆಯಿಗೂ ಅವ್ವಗೂ ಮರಾಠಿ ಬಾರದು. ಅಕ್ಕೋರಿಗೆ ಕನ್ನಡ ಬಾರದು. ಗೌರಿ ಕಂಬಕ್ಕೆ ಒರಗಿ ನಿಂತಿದ್ದಳು. ನಡುವೆ ಸಂತೆಯ ಮರಾಠಿ ಬಲ್ಲ ನಾನೊಬ್ಬ.

ಆ ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ಏನೇನು ಹಾದುಹೋಯಿತು ಎಂದರೆ, ಇವಳು ಇನ್ನು ತಿರುಗಿ ಬರುವುದಿಲ್ಲ. ಇವಳಿಗಾಗಿ ಶಾಲೆ ಬಿಟ್ಟವನು ನಾನು, ಇವಳು ಶಿಕ್ಷಕಿಯಾಗುತ್ತಾಳೆ. ನಾನು ಎತ್ತಿನ ಹಿಂದೆ ಸುತ್ತುತ್ತ ಇರುತ್ತೇನೆ. ಇದೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು: ಇವಳಿಗೆ ತನ್ನದೇ ಮಾತು ಬಂದರೆ ಇವಳ ಮಾತು ಹೇಳಲು ನಾನು ಯಾರಿಗೂ ಬೇಕಾಗುವುದಿಲ್ಲ.

ಆಯಿಯ ಕಡೆ ತಿರುಗಿ ಹೇಳಿದೆ. ‘ಗೌರಿಗೆ ಅಲ್ಲೇ ಸಾಲ್ಯಾಗ ಕೆಲಸ ಕೊಡ್ತಾರಂತ ಆಯಿ. ಆದ್ರ ಗೌರಿ ಅಂಜ್ಯಾಳ. ಒಬ್ಬಾಕಿನ ಅಲ್ಲಿರಾಕ ಒಲ್ಲೆ ಅಂತಾಳ.’

‘ಅಂಜ್ಯಾಳ? ಗೌರಿ?’ ಎಂದಳು ಆಯಿ.

‘ಹೂಂ. ನನ್ನ ಮುಂದ ಕೈ ಮಾಡಿ ಹೇಳ್ಯಾಳ.’

ಆಯಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ‘ಅಂಜಿದ್ರ ಬ್ಯಾಡ ಬಿಡು. ಒತ್ತಾಯ ಯಾಕ?’ ಎಂದಳು.

ಅಕ್ಕೋರ ಕಡೆ ತಿರುಗಿದೆ. ಮರಾಠಿ ಗೌರಿಯ ಕಣ್ಣಿಗೆ ಬೀಳುತ್ತದೆಂದು ಗೊತ್ತಿತ್ತಲ್ಲ, ವಲ್ಲಿಯಿಂದ ಬೆವರು ಒರೆಸಿಕೊಳ್ಳುವವನ ಹಾಗೆ ಬಾಯಿ ಮುಚ್ಚಿಕೊಂಡು ಹೇಳಿದೆ, ಅಜ್ಜಿ ಒಪ್ಪುವುದಿಲ್ಲ, ಮನೆಯಲ್ಲಿ ಕೆಲಸಕ್ಕೆ ಜನ ಇಲ್ಲ ಅನ್ನುತ್ತಾಳೆ ಎಂದು. ಅಕ್ಕೋರ ಮುಖ ಸಣ್ಣದಾಯಿತು. ಅವರು ಎದ್ದು ಗೌರಿಯ ಭುಜ ಹಿಡಿದು, ನಿಧಾನವಾಗಿ, ಅಜ್ಜಿಗೆ ಮನಸ್ಸಿಲ್ಲವಂತೆ ಮಗು, ಹಿರಿಯರ ಮಾತು ಮೀರಬಾರದು ಎಂದರು. ನಾಳೆಯಿಂದ ಗುರುವಾರದವರೆಗೆ ಸಂಖ ಎಂಬ ಹಳ್ಳಿಯಲ್ಲಿ ಇರುತ್ತೇನೆ, ಅಲ್ಲಿಯ ಪಿಂಜಾರ ಮೌಲಾಸಾಬರ ಮಗಳು ಕಿವುಡಿಯಂತೆ, ಅವಳನ್ನು ನೋಡಬೇಕು ಎಂದು ಹೇಳಿ ಬಸ್ಸಿನ ಕಡೆ ನಡೆದರು.

ಗೌರಿ ನನ್ನನ್ನು ನೋಡಿದಳು. ಗಾಣದ ಹತ್ತಿರ ಹೋಗಿ ಎತ್ತಿಗೆ ಮೇವು ಹಾಕಿದಳು.

ಎರಡು ದಿನ ಅವಳು ನನ್ನ ಜೊತೆ ಕೈಮಾತು ಆಡಲಿಲ್ಲ. ಬುಧವಾರ ಮಧ್ಯಾಹ್ನ ಗಾಣ ಕಟ್ಟಿದ್ದೆ. ಅವಳು ಬಂದು ಎತ್ತನ್ನು ನಿಲ್ಲಿಸಿದಳು. ನನ್ನ ಎದುರಿಗೆ ಕೂತು ಬಲಗೈ ಅಂಗೈಯನ್ನು ನನ್ನ ಗಂಟಲ ಮೇಲೆ ಇಟ್ಟಳು. ಶಬ್ದ ಕಲಿಯಲು ಬಂದಳೆಂದು ನಾನು ಎಣ್ಣಿ ಎಂದೆ. ಅವಳು ತಲೆಯಾಡಿಸಿದಳು. ಆಮೇಲೆ, ನನ್ನ ಜೀವಮಾನದಲ್ಲಿ ಮೊದಲ ಸಲ, ಅವಳ ಬಾಯಿಂದ ಕನ್ನಡ ಬಂತು. ಆಯಿಯ ಕನ್ನಡ, ಹಲ್ಲಿಲ್ಲದವರು ಆಡಿದ ಹಾಗೆ ತುಟಿ ಒಳಗೆಳೆದು ಆಡಿದ ಕನ್ನಡ.

‘ಹೇಳು ಅಣ್ಣಾ. ಆಯಿಗಿ ಹೇಳಿದ್ದು. ಮತ್ತ ಹೇಳು.’

ನಾನು ಏಳಲು ನೋಡಿದೆ. ಅವಳು ಕೈ ತೆಗೆಯಲಿಲ್ಲ.

‘ಗೌರಿ ಅಂಜ್ಯಾಳ ಅಂದೆ,’ ಎಂದೆ.

‘ಯಾರು ಅಂಜ್ಯಾರ?’

ಎತ್ತು ಬಾಲ ಬೀಸುತ್ತ ನಿಂತಿತ್ತು. ಕೊನೆಗೆ ‘ನಾ’ ಎಂದೆ. ಒಂದೇ ಅಕ್ಷರ. ಅವಳು ಕೈ ತೆಗೆದು, ಸೆರಗಿನಿಂದ ನನ್ನ ಮುಖ ಒರೆಸಿದಳು. ನಾನು ಅಳುತ್ತಿದ್ದೆನೆಂದು ನನಗೆ ಆಗ ಗೊತ್ತಾದದ್ದು.

ಕನ್ನಡ ಎಲ್ಲಿ ಕಲಿತೆ ಎಂದು ಕೈಯಲ್ಲಿ ಕೇಳಿದೆ. ಅವಳು ಎರಡು ಕೆನ್ನೆ ಒಳಗೆಳೆದುಕೊಂಡಳು. ಆಯಿ! ನಾನು ಸಂತೆಗೋ ಹೊಲಕ್ಕೋ ಹೋದಾಗಲೆಲ್ಲ ಅಜ್ಜಿ ಮೊಮ್ಮಗಳು ಪಡಸಾಲೆಯಲ್ಲಿ ಕನ್ನಡಿ ಹಿಡಿದು ಕೂರುತ್ತಿದ್ದರಂತೆ. ಬಾಯಲ್ಲಿ ಎಲೆ ಅಡಿಕೆ ಇದ್ದರೆ ತುಟಿ ತಿಳಿಯುವುದಿಲ್ಲವೆಂದು ಆಯಿ ಮಧ್ಯಾಹ್ನದ ಎಲೆ ಅಡಿಕೆಯನ್ನೇ ಬಿಟ್ಟಿದ್ದಳು. ಸಂಚಿ ಮುಟ್ಟದ್ದನ್ನು ನಾನು ಕಂಡಿದ್ದೆ, ಒಸಡು ನೋವೆಂದು ತಿಳಿದಿದ್ದೆ. ಎಪ್ಪತ್ತು ದಾಟಿದ ಮುದುಕಿ ಅಡಿಕೆ ಬಿಟ್ಟಳೆಂದರೆ ಅದು ಎಷ್ಟು ದೊಡ್ಡ ಫೀಸು ಎಂಬುದು ನಮ್ಮ ಕಡೆಯವರಿಗೆ ಗೊತ್ತಾಗುತ್ತದೆ.

ಗುರುವಾರ ನಸುಕಿನಲ್ಲಿ ಒಂಟೆತ್ತಿನ ಬಂಡಿ ಹೂಡಿದೆ. ಸಂಖಕ್ಕೆ ಹೋಗಿ ಬರುತ್ತೇವೆ, ಗೌರಿಯೂ ಬರುತ್ತಾಳೆ ಎಂದಷ್ಟೇ ಹೇಳಿದೆ. ಆಯಿ ಯಾಕೆಂದು ಕೇಳಲಿಲ್ಲ. ರೊಟ್ಟಿ, ಕೆಂಪು ಚಟ್ನಿ ಕಟ್ಟಿಕೊಟ್ಟು, ‘ಲಗೂನ ಹೋಗ್ರಿ, ಮೋಡ ಆಗೈತಿ’ ಎಂದಳು. ಮೋಡ ಸುಳ್ಳಾಗಲಿಲ್ಲ. ಅರ್ಧ ದಾರಿಯಲ್ಲಿ ಕೃತ್ತಿಕಾ ಮಳೆ ಗಾಳಿಯ ಸಮೇತ ಬಿತ್ತು. ಎರೆ ಮಣ್ಣು ಗಾಲಿಗೆ ರೊಟ್ಟಿಯ ಹಿಟ್ಟಿನಂತೆ ಮೆತ್ತಿಕೊಂಡಿತು. ಹತ್ತು ಮಾರು ಹೋಗುವುದು, ಇಳಿಯುವುದು, ಕೋಲಿನಿಂದ ಮಣ್ಣು ಕೆರೆಯುವುದು, ನೂಕುವುದು. ಒಮ್ಮೆ ಗೌರಿ ಜಾರಿ ಕೆಸರಿನಲ್ಲಿ ಕೂತಳು. ಎಬ್ಬಿಸಲು ಹೋದ ನಾನೂ ಅವಳ ಪಕ್ಕದಲ್ಲೇ ಕೂತೆ. ಮಾಡಗ್ಯಾಳದ ಕಡೆಯಿಂದ ಕುರಿ ಹೊಡೆದುಕೊಂಡು ಬರುತ್ತಿದ್ದ ಕುರುಬನೊಬ್ಬ ನಿಂತು, ‘ಹೊಲಾ ಇನ್ನ ಹಸಿ ಐತಿ, ಈಗ ಬಿತ್ತಬ್ಯಾಡ್ರಿ’ ಎಂದು ಹೇಳಿ ಹೋದ. ಅವನ ತುಟಿ ಓದಿ ಗೌರಿ ನಕ್ಕ ನಗುವಿಗೆ ಎತ್ತು ಬೆದರಿತು.

ನಾವು ಮೌಲಾಸಾಬರ ಮನೆ ಮುಟ್ಟಿದಾಗ ಮಧ್ಯಾಹ್ನ ಮೀರಿತ್ತು. ಅವರು ಹತ್ತಿ ಹಿಂಜುವ ಬಿಲ್ಲನ್ನು ಬದಿಗಿಟ್ಟು, ‘ಬರ್ರಿ, ಕುಂದ್ರಿ, ಮೊದಲ ಕಾಲ ತೊಳಕೋರಿ’ ಎಂದರು. ಅಕ್ಕೋರು ಚೀಲ ಹಿಡಿದು ಬಸ್ಸಿಗೆ ಹೊರಡುವುದರಲ್ಲಿದ್ದರು. ಮೌಲಾಸಾಬರ ಮಗಳು ಖೈರೂನ, ಐದಾರು ವರ್ಷದ್ದು, ಅವರ ಸೆರಗು ಹಿಡಿದು ನಿಂತಿತ್ತು. ನಾನು ದಾರಿಯುದ್ದಕ್ಕೂ ಮರಾಠಿಯಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ. ಕೈ ಮುಗಿದು, ಅಕ್ಕೋರೆ, ತಪ್ಪಾಗಿದೆ ಎಂದು ಶುರು ಮಾಡಿದೆ.

ಗೌರಿ ನನ್ನ ಮುಂದೆ ಬಂದು ನಿಂತಳು. ನಾಲ್ಕು ಜನರ ಎದುರಿಗೆ, ಆ ಮೂಗಿನ ದನಿಯಲ್ಲಿ, ಮರಾಠಿಯಲ್ಲಿ ಗಟ್ಟಿಯಾಗಿ ಹೇಳಿದಳು: ನಾನೇ ಅಂಜಿದ್ದೆ. ಅದಕ್ಕೆ ಅಜ್ಜಿ ಬೇಡ ಅಂದಳು. ಈಗ ಅಂಜಿಕೆ ಹೋಗಿದೆ. ನಾನು ಬರುತ್ತೇನೆ.

ಅಕ್ಕೋರು ಅವಳನ್ನು ತಬ್ಬಿಕೊಂಡರು. ಆಮೇಲೆ ಹಣೆಗೆ ಕೈ ಹಚ್ಚಿ ಕೂತರು. ಇನ್ನೊಬ್ಬ ಹುಡುಗಿಯ ಹೆಸರು ಬರೆದ ಕಾಗದವನ್ನು ನಿನ್ನೆಯ ಟಪಾಲಿನಲ್ಲಿ ಹಾಕಿಬಿಟ್ಟಿದ್ದರು. ಕೊಟ್ಟ ಮಾತು ತಿರುಗಿಸಲಾರರು, ಆ ಹುಡುಗಿಯೂ ಬಡವರ ಮನೆಯವಳು. ಇನ್ನೊಂದು ಜಾಗ ಬರುವ ವರ್ಷ.

ನಾನು ಆಗಲಾದರೂ ಹೇಳಬೇಕಿತ್ತು. ಅಂಜಿದ್ದು ಇವಳಲ್ಲ, ಸುಳ್ಳು ನನ್ನದು ಎನ್ನಲು ಮರಾಠಿಯ ನಾಲ್ಕು ಶಬ್ದ ಸಾಕಾಗಿತ್ತು. ಅಕ್ಕೋರು, ಮೌಲಾಸಾಬರು ಎಲ್ಲರೂ ಗೌರಿಯನ್ನು ಸಮಾಧಾನ ಮಾಡುತ್ತಿದ್ದರು. ಹುಡುಗಿಯರಿಗೆ ಮನೆ ಬಿಡಲು ಅಂಜಿಕೆ ಇರುವುದೇ, ಅದರಲ್ಲೇನು ಎನ್ನುತ್ತಿದ್ದರು. ನಾನು ಕಾಲಿಗೆ ಹತ್ತಿದ ಕೆಸರನ್ನು ಕೆರೆಯುತ್ತ ನಿಂತಿದ್ದೆ. ಮನೆಗೆ ಬಂದು ಆಯಿಗೂ ಅವ್ವಗೂ, ಗೌರಿಯ ಅಂಜಿಕೆ ಹೋಗಿದೆ, ಬರುವ ವರ್ಷ ಹೋಗುತ್ತಾಳೆ ಎಂದೆನೇ ಹೊರತು ನಿಜ ಹೇಳಲಿಲ್ಲ. ಮೊದಲನೆಯದು ಒಂದು ಕ್ಷಣದಲ್ಲಿ ಆದ ತಪ್ಪು. ಎರಡನೆಯದನ್ನು ನಾನು ಅರವತ್ತು ವರ್ಷ ಮಾಡುತ್ತ ಬಂದೆ.

ಆ ವರ್ಷ ಗೌರಿ ಸುಮ್ಮನೆ ಕೂರಲಿಲ್ಲ. ಮೌಲಾಸಾಬರು ಖೈರೂನಳನ್ನು ನಮ್ಮ ಮನೆಯಲ್ಲಿ ತಂದುಬಿಟ್ಟರು. ವಾರಕ್ಕೊಮ್ಮೆ ತಾವು ಬಂದು ನೋಡಿ ಹೋಗುವರು. ಗಾಣವೇ ಶಾಲೆ. ದೀಪದ ಕುಡಿ ಅಲುಗುವಂತೆ ‘ಪ’ ಅನ್ನಬೇಕು, ಅಂಗೈ ಮೇಲಿನ ಹತ್ತಿಯ ಎಳೆ ಹಾರುವಂತೆ ‘ಹ’ ಅನ್ನಬೇಕು. ಹತ್ತಿಗೇನು ಕೊರತೆ, ಪಿಂಜಾರರ ಮನೆಯ ಮಗಳು. ಮಿರಜದಲ್ಲಿ ಕಲಿತದ್ದೆಲ್ಲ ಮರಾಠಿ. ಕನ್ನಡದಲ್ಲಿ ಹೇಗೆ ಕಲಿಸಬೇಕೆಂದು ಹೇಳಿಕೊಡುವವರು ಯಾರೂ ಇರಲಿಲ್ಲ. ಗೌರಿ ತಾನೇ ದಾರಿ ಮಾಡಿಕೊಂಡಳು. ಗಂಟಲು ನನ್ನದು, ತುಟಿ ಆಯಿಯದು. ದಿನಕ್ಕೆ ನೂರು ಸಲ ಅಪ್ಪಾ ಅಪ್ಪಾ ಎಂದು ಹೇಳಿ ಹೇಳಿ ನನ್ನ ದನಿ ಕೂತುಹೋಗುತ್ತಿತ್ತು. ಓಣಿಯವರು, ಮಲ್ಲಪ್ಪನಿಗೆ ಸತ್ತ ಅಪ್ಪ ಮೈಮೇಲೆ ಬರುತ್ತಾನೆ ಎಂದು ನಗೆಯಾಡಿದರು. ದೀಪಾವಳಿಯ ಮುಂದೆ ಒಂದು ದಿನ ಮೌಲಾಸಾಬರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಖೈರೂನ ಅವರನ್ನು ನೋಡಿ ‘ಅಪ್ಪಾ’ ಎಂದಿತು. ಅವರು ಒಂದು ಚಪ್ಪಲಿ ಕಾಲಿನಲ್ಲಿ, ಒಂದು ಕೈಯಲ್ಲಿ ಹಿಡಿದು ಅಲ್ಲೇ ಕೂತುಬಿಟ್ಟರು. ಆಯಿ, ‘ಒಳಗ ಬರ್ರಿ ಮೌಲಾಸಾಬ, ಇನ್ನೊಮ್ಮಿ ಅಂತೈತಿ’ ಎಂದಳು. ಅಂದಿತು. ಅಂದು ಸಂಜೆವರೆಗೆ ಅಂದೇ ಅಂದಿತು.

ಮರುವರ್ಷ ಜೂನಿನ ಮೊದಲ ವಾರ ಗೌರಿ ಮಿರಜಕ್ಕೆ ಹೋದಳು, ಸಹಾಯಕಿಯಾಗಿ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಖೈರೂನ. ನಾನೇ ಬಿಟ್ಟುಬಂದೆ. ಅಕ್ಕೋರು ಮಗುವಿನ ಕನ್ನಡ ನೋಡಿ ಬೆರಗಾದರು; ಅಂದಿನಿಂದ ಗಡಿಯ ಕನ್ನಡದ ಮಕ್ಕಳೆಲ್ಲ ಗೌರಿಯ ಪಾಲಿಗೆ ಬಂದರು.

ಕೇಳಿದವರಿಗೆ ಇದು ಸುಖದ ಕತೆ. ನನಗೂ ಹಾಗೆ ಹೇಳಿ ಮುಗಿಸಿಬಿಡುವ ಆಸೆಯಿದೆ. ಆದರೆ ಆ ಒಂದು ವರ್ಷ ಎಲ್ಲಿಯೂ ಹೋಗಲಿಲ್ಲ. ಮೊದಲ ಜಾಗ ಹಿಡಿದ ಹುಡುಗಿ ಹೇಳಿದ ಹಾಗೆ ಮುಂಬೈಗೆ ಹೋಗಿ ತರಬೇತಿ ಮುಗಿಸಿ ಶಿಕ್ಷಕಿಯಾದಳು. ಗೌರಿಯ ಸರದಿ ಬರುವಷ್ಟರಲ್ಲಿ ನಿಯಮ ಬದಲಾಗಿ ತರಬೇತಿಗೆ ಮ್ಯಾಟ್ರಿಕ್ ಬೇಕಾಯಿತು. ಹಗಲು ಮಕ್ಕಳಿಗೆ ಕಲಿಸಿ, ಉಳಿದ ಹೊತ್ತಿನಲ್ಲಿ ಓದಿ, ಮೂರು ಸಲ ಕೂತು ಮ್ಯಾಟ್ರಿಕ್ ಮಾಡಿದಳು. ಹನ್ನೊಂದು ವರ್ಷ ಸಹಾಯಕಿಯಾಗಿಯೇ ಉಳಿದಳು. ಅವಳು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಆಮೇಲೆ ಶಿಕ್ಷಕಿಯಾಗಿ, ಎಷ್ಟೋ ಮಕ್ಕಳಿಗೆ ಮಾತು ಕೊಟ್ಟು, ನಿವೃತ್ತಳಾದಾಗ ಸಭೆ ಮಾಡಿದರು. ನಾನು ಮೊದಲ ಸಾಲಿನಲ್ಲಿ ಕೂತಿದ್ದೆ. ಭಾಷಣ ಮಾಡಿದವರು, ನಿಮ್ಮ ಗೌರಿ ಮೇಡಂ ಕೂಡ ಮೊದಲು ಅಂಜಿ ಮನೆಯಲ್ಲೇ ಉಳಿದಿದ್ದರು ಎಂದಾಗ ಮಕ್ಕಳು ಕೈ ಮೇಲೆತ್ತಿ ಬೆರಳು ಅಲ್ಲಾಡಿಸಿದರು. ಅದು ಅವರ ಚಪ್ಪಾಳೆ. ನಾನೂ ಅಲ್ಲಾಡಿಸಿದೆ.

ಇಷ್ಟು ಬರೆದು, ಹೋದ ಭಾನುವಾರ ಮಿರಜಕ್ಕೆ ಹೋಗಿ ಗೌರಿಯ ಕೈಗೆ ಕೊಟ್ಟೆ. ಅವಳಿಗೆ ಈಗ ಎಂಬತ್ತಕ್ಕೆ ಒಂದು ಕಡಿಮೆ. ಕನ್ನಡಕ ಹಾಕಿಕೊಂಡು, ಪೆನ್ಸಿಲ್ ಹಿಡಿದು ನನ್ನ ಒತ್ತಕ್ಷರಗಳನ್ನು ತಿದ್ದುತ್ತ ಓದಿದಳು. ಮೂರನೇ ಇಯತ್ತೆಯವನಿಗೆ ಪಾಸು ಎಂದು ಕೈ ಮಾಡಿದಳು. ಆಮೇಲೆ ಕಾಗದಗಳನ್ನು ಜೋಡಿಸಿಟ್ಟು, ಬಾಯಿಂದಲೇ ಹೇಳಿದಳು.

‘ಆಯಿಗಿ ಗೊತ್ತಿತ್ತೋ ಅಣ್ಣಾ.’

ಏನು ಗೊತ್ತಿತ್ತು ಎಂದು ಕೈ ಮಾಡಿದೆ.

‘ಅಕ್ಕೋರು ಬರೂ ಮುಂಚೇನ ನಾ ಆಕಿಗಿ ಹೇಳಿದ್ದೆ. ಮಿರಜಿಗಿ ಹೋಗಿ ಮಕ್ಕಳಿಗಿ ಕಲಸ್ತೀನಿ ಅಂತ. ನಾ ಜೋಡಿಸಿ ಆಡಿದ ಮೊದಲನೇ ಕನ್ನಡ ಅದು. ಹೋಗವ್ವಾ ಅಂದಿದ್ಳು. ನೀ ಸುಳ್ಳ ಹೇಳಿದಾಗ ಸುಮ್ಮ ಕುಂತಳು. ಆಕಿಗೂ ನಾ ಬೇಕಾಗಿದ್ದೆ.’

ಹಾಗಾದರೆ ಆಯಿಯ ಮೇಲೆ ನಿನಗೆ ಸಿಟ್ಟು ಬರಲಿಲ್ಲವೆ ಎಂದು ಕೇಳಿದೆ. ಬಂದಿತ್ತು, ಇಬ್ಬರ ಮೇಲೂ ಬಂದಿತ್ತು, ಮಳೆಯಲ್ಲಿ ನೀನು ಬಂಡಿ ನೂಕುವುದನ್ನು ನೋಡಿ ನಿನ್ನದು ಇಳಿಯಿತು, ಆಯಿ ಕಟ್ಟಿದ ಬುತ್ತಿ ಬಿಚ್ಚಿದಾಗ ಅವಳದೂ ಇಳಿಯಿತು ಎಂದಳು. ಈ ಮಾತನ್ನೂ ಬರೆಯಲೇ ಎಂದೆ. ಬರೆ ಎಂದಳು.

ಬರೆದಿದ್ದೇನೆ. ಆದರೆ ಆಯಿ ಸುಮ್ಮನೆ ಕೂತವಳು, ಸುಳ್ಳು ಆಡಿದವನು ನಾನು. ಪುಸ್ತಕ ಮಾಡುವ ಹುಡುಗರಿಗೆ ಮೊಮ್ಮಗನಿಂದ ಫೋನು ಹಚ್ಚಿಸಿ, ಗೌರಿ ಅಂಜಿದ್ದಳೆಂಬ ಮಾತು ಎಲ್ಲೆಲ್ಲಿದೆಯೋ ಅಲ್ಲೆಲ್ಲ ತೆಗೆಯಿರಿ ಎಂದು ಹೇಳಿದೆ. ಎರಡು ಪುಟ ಆಗಲೇ ಅಚ್ಚಾಗಿವೆಯಂತೆ. ಹಾಗಿದ್ದರೆ ಅಷ್ಟೂ ಪುಸ್ತಕಗಳನ್ನು ಉಮದಿಗೆ ತಂದು ನನ್ನ ಕಟ್ಟೆಯ ಮೇಲೆ ಹಾಕಿರಿ ಎಂದಿದ್ದೇನೆ. ಕಣ್ಣಿನ ಡಾಕ್ಟರರು ಹೊಸ ಕನ್ನಡಕ ಕೊಟ್ಟಿದ್ದಾರೆ. ಒಂದೊಂದರಲ್ಲೂ ಆ ಸಾಲನ್ನು ನಾನೇ ಕೂತು ಹೊಡೆದುಹಾಕುತ್ತೇನೆ.